ಹತ್ತು ಸೆಕೆಂಡುಗಳ ವಿದ್ಯೆ
ಸವಾರನಾಗಿ ಗೆದ್ದು, ಗುರುವಾಗಿ ಗೆಲ್ಲಿಸಿದ ದಾನಿಯೆಲ್ ಮೊರೆಲೋನ್

ಪಂದ್ಯವೆಂದ ಮೇಲೆ ಮುಂದೆ ಹೋಗಲು ಹವಣಿಸುವುದು ಸಹಜ. ಎದುರಾಳಿಗಿಂತ ಹಿಂದೆ ಉಳಿಯಬೇಕೆಂದು ಹೆಣಗುವ ಪಂದ್ಯವೊಂದುಂಟೆಂದರೆ ವಾಚಕರು ನಂಬಲಾರರೇನೋ. ಆದರೆ 1964ರಲ್ಲಿ ಟೋಕಿಯೋ ನಗರದಲ್ಲಿ ಜರುಗಿದ ಒಲಿಂಪಿಕ್ ಕ್ರೀಡೆಗಳಲ್ಲಿ ಇಂಥದೊಂದು ದೃಶ್ಯ ಕಂಡುಬಂದಿತು. ಸೈಕಲ್ ಸ್ಪ್ರಿಂಟ್ ಸ್ಪರ್ಧೆಯ ಉಪಾಂತ್ಯ ಸುತ್ತಿನಲ್ಲಿ ಇಟಲಿಯ ಜೊವಾನಿ ಪೆತ್ತೆನೆಲ್ಲಾ ಮತ್ತು ಫ್ರಾನ್ಸಿನ ಪಿಯೆರ್ ಟ್ರೆಂಟಿನ್ ಎಂಬಿಬ್ಬರು ಸವಾರರು ಪಥದ ನಡುವೆ ಸೈಕಲ್ಲುಗಳನ್ನು ನಿಲ್ಲಿಸಿ, ಕಾಲನ್ನು ನೆಲಕ್ಕೆ ತಾಗಿಸದೆ, 21 ನಿಮಿಷ 57 ಸೆಕೆಂಡುಗಳ ಕಾಲ ನಿಂತಲ್ಲಿಯೇ ನಿಂತಿದ್ದರು. ಇಬ್ಬರಲ್ಲಿ ಒಬ್ಬರೂ ಮೊದಲು ಹೊರಡಲು ಸಿದ್ಧರಿರಲಿಲ್ಲ. ಕಡೆಗೆ ಗೆದ್ದವರು ಪೆತ್ತೆನೆಲ್ಲಾ. ಸ್ವರ್ಣ ಪದಕವೂ ಅವರದೇ ಆಯಿತು. ಸೋತ ಟ್ರೆಂಟಿನರನ್ನು ಮೂರನೆಯ ಸ್ಥಾನದ ಪಂದ್ಯದಲ್ಲಿ ಅವರ ನಾಡಿನವನೇ ಆದ ಇಪ್ಪತ್ತು ವರ್ಷದ ಯುವಕನೊಬ್ಬ ಸೋಲಿಸಿ ಕಂಚಿನ ಪದಕವನ್ನು ಪಡೆದನು. ಆ ಯುವಕನೇ ದಾನಿಯೆಲ್ ಮೊರೆಲೋನ್.

ಮುಂದೆ ಮೊರೆಲೋನರು ತಮ್ಮ ಕಾಲದ ಅತ್ಯಂತ ಶ್ರೇಷ್ಠ ಸ್ಪ್ರಿಂಟ್ ಸವಾರರೆನಿಸಿದರು. ಆಮೇಲೆ ಹಲವು ದಶಕಗಳ ಕಾಲ ತರಬೇತುದಾರರಾಗಿ ದುಡಿದರು. ಅವರ ಜೀವನವೃತ್ತವನ್ನು ಪದಕಗಳ ಪಟ್ಟಿಯಾಗಿ ಒಪ್ಪಿಸುವುದು ನಮ್ಮ ಉದ್ದೇಶವಲ್ಲ. ವಿಜ್ಞಾನದ ವಿದ್ಯಾರ್ಥಿಗಳಿಗೆ ಆಸಕ್ತಿಯನ್ನುಂಟುಮಾಡುವ ಪ್ರಶ್ನೆಯೊಂದು ಅದರಲ್ಲಡಗಿದೆ. ಒಬ್ಬನ ಕಾಲುಗಳಲ್ಲಿ, ಕಣ್ಣುಗಳಲ್ಲಿ ನೆಲೆಸಿರುವ ವಿದ್ಯೆಯನ್ನು ಇನ್ನೊಬ್ಬರಿಗೆ ದಾಟಿಸಲು ಸಾಧ್ಯವೆ? ಸಾಧ್ಯವಿಲ್ಲವಾದರೆ ಪ್ರತಿಯೊಬ್ಬ ಶ್ರೇಷ್ಠ ಸವಾರನ ನಿವೃತ್ತಿಯೊಂದಿಗೆ ಆ ವಿದ್ಯೆಯೂ ನಂದಿಹೋಗಬೇಕು. ಈ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ ಆ ವಿದ್ಯೆ ಎಂಥದೆಂಬುದನ್ನು ತಿಳಿಯೋಣ.

ಗಾಳಿಯೆಂಬ ಎದುರಾಳಿ

ಎದುರುಗಾಳಿಯಲ್ಲಿ ಸೈಕಲ್ ತುಳಿದವರೆಲ್ಲರಿಗೂ ಗಾಳಿಯ ತಡೆ ಎಂಥದೆಂಬುದು ಅನುಭವಕ್ಕೆ ಬಂದಿರುತ್ತದೆ. ಗಾಳಿ ಬೀಸದ ದಿನದಲ್ಲಿಯೂ ವೇಗವಾಗಿ ಹೋಗುವವನು ತಾನೇ ಎದುರುಗಾಳಿಯನ್ನು ಉಂಟುಮಾಡಿಕೊಳ್ಳುತ್ತಾನೆ. ಈ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗವು ಇಮ್ಮಡಿಯಾದರೆ ತಡೆಯು ನಾಲ್ಮಡಿಯಾಗುತ್ತದೆ. ಅದನ್ನು ಮೀರಲು ಸವಾರನು ಪ್ರತಿ ಸೆಕೆಂಡಿಗೆ ವ್ಯಯಿಸಬೇಕಾದ ಶಕ್ತಿಯು, ಎಂದರೆ ಸಾಮರ್ಥ್ಯವು, ಎಂಟು ಮಡಿಯಾಗುತ್ತದೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಬಾಗಿ ಕುಳಿತ ಸವಾರನೊಬ್ಬನು ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿಲೊಮೀಟರ್ ವೇಗದಲ್ಲಿ ಸಾಗುತ್ತಿದ್ದಾನೆನ್ನಿ. ಗಾಳಿಯನ್ನು ಸೀಳಲು ಅವನಿಗೆ ಸುಮಾರು 150 ವಾಟ್ ಸಾಮರ್ಥ್ಯ ಸಾಕು. ಅದೇ ಸವಾರನು ಗಂಟೆಗೆ 72 ಕಿಲೊಮೀಟರ್ ವೇಗವನ್ನು ಮುಟ್ಟಬೇಕಾದರೆ ಸುಮಾರು 1,200 ವಾಟ್ ಬೇಕಾಗುತ್ತದೆ. ಇದು ಒಂದೂವರೆ ಅಶ್ವಸಾಮರ್ಥ್ಯಕ್ಕಿಂತ ಹೆಚ್ಚು. ಸಾಧಾರಣ ಮನುಷ್ಯನಿಂದ ಇದು ಆಗದ ಮಾತು. ನುರಿತ ಸ್ಪ್ರಿಂಟ್ ಸವಾರನೂ ಇದನ್ನು ಕೆಲವೇ ಸೆಕೆಂಡುಗಳ ಕಾಲ ನೀಡಬಲ್ಲನು.

ಈಗ ಅವನ ಬೆನ್ನಿಗೇ ಅಂಟಿದಂತೆ ಇನ್ನೊಬ್ಬ ಸವಾರನು ಬರುತ್ತಿದ್ದಾನೆಂದು ಭಾವಿಸೋಣ. ಮುಂದಿನವನು ಗಾಳಿಯನ್ನು ಸೀಳಿಕೊಂಡು ಹೋಗುವುದರಿಂದ ಅವನ ಹಿಂದೆ ಗಾಳಿಯ ಒತ್ತಡ ಕಡಿಮೆಯಿರುವ ಪ್ರದೇಶವೊಂದು ಏರ್ಪಡುತ್ತದೆ. ಅದರ ಆಶ್ರಯದಲ್ಲಿ ಸಾಗುವವನಿಗೆ ಗಾಳಿಯ ತಡೆ ಸುಮಾರು ಮೂರನೆಯ ಒಂದು ಪಾಲಿನಷ್ಟು ಕಡಿಮೆಯಾಗಬಹುದು. ಮುಂದಿನವನು 1,200 ವಾಟ್ ಸುರಿಯುತ್ತಿರುವಾಗ ಹಿಂದಿನವನು 800 ವಾಟಿನಲ್ಲಿಯೇ ಅದೇ ವೇಗದಿಂದ ಬರುತ್ತಾನೆ. ಉಳಿದ ಶಕ್ತಿಯನ್ನು ಕೂಡಿಟ್ಟುಕೊಂಡು, ಗುರಿಯ ಗೆರೆ ಹತ್ತಿರ ಬಂದೊಡನೆ ಪಕ್ಕಕ್ಕೆ ಸರಿದು, ಮುಂದಿನವನನ್ನು ದಾಟಿಬಿಡಬಲ್ಲನು. ಟೋಕಿಯೋದಲ್ಲಿ ಆ ಇಬ್ಬರು ಇಪ್ಪತ್ತೊಂದು ನಿಮಿಷಕ್ಕೂ ಹೆಚ್ಚು ಕಾಲ ನಿಂತಿದ್ದುದರ ಗುಟ್ಟು ಇದೇ. ಇಬ್ಬರಿಗೂ ಬೇಕಾಗಿದ್ದುದು ಹಿಂದಿನ ಸ್ಥಾನ.

ನಿಲ್ಲುವುದೂ ಸುಲಭದ ಕೆಲಸವಲ್ಲ. ಪಥದ ಸೈಕಲ್ಲಿಗೆ ಬ್ರೇಕ್ ಇಲ್ಲ. ಫ್ರೀವೀಲ್ ಸಹ ಇಲ್ಲ. ಹಿಂದಿನ ಚಕ್ರ ತಿರುಗಿದರೆ ಪೆಡಲ್ ತಿರುಗಲೇಬೇಕು. ಸವಾರನು ಮುಂದಿನ ಚಕ್ರವನ್ನು ಪಥದ ಏರಿನ ಕಡೆಗೆ ಓರೆಯಾಗಿ ತಿರುಗಿಸಿ, ಇಳಿಜಾರು ಹಿಂದಕ್ಕೆಳೆಯುವಷ್ಟೇ ಬಲದಿಂದ ಪೆಡಲನ್ನು ಮುಂದಕ್ಕೊತ್ತುತ್ತ, ತನ್ನ ಗುರುತ್ವ ಕೇಂದ್ರವು ಎರಡು ಚಕ್ರಗಳ ರೇಖೆಯಿಂದ ಆಚೀಚೆ ಜಾರದಂತೆ ನೋಡಿಕೊಳ್ಳುತ್ತಾನೆ. ಇಂದಿನ ನಿಯಮಗಳಂತೆ ಹೀಗೆ ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ.

ಓರೆಯಾದ ನೆಲ

ಸೈಕಲ್ ಪಥವಿರುವ ಕಟ್ಟಡಕ್ಕೆ ವೆಲೊಡ್ರೋಮ್ ಎಂದು ಹೆಸರು. ಈಗಿನ ಒಲಿಂಪಿಕ್ ಪಥದ ಸುತ್ತಳತೆ 250 ಮೀಟರು. ಮೊರೆಲೋನರ ಕಾಲದಲ್ಲಿ ಇನ್ನೂ ಉದ್ದನೆಯ ಪಥಗಳಿದ್ದವು. ತಿರುವುಗಳಲ್ಲಿ ಪಥವು ಗೋಡೆಯಂತೆ ಎದ್ದುನಿಂತಿರುವುದನ್ನು ಮೊದಲ ಸಲ ಕಂಡವರು ಬೆರಗಾಗುತ್ತಾರೆ. ಕಾರಣವನ್ನು ಭೌತಶಾಸ್ತ್ರದ ಪ್ರೌಢಶಾಲಾ ಪಾಠದಿಂದಲೇ ತಿಳಿಯಬಹುದು. ವೃತ್ತದಲ್ಲಿ ಚಲಿಸುವ ವಸ್ತುವಿಗೆ ಕೇಂದ್ರದ ಕಡೆಗೆ ಸೆಳೆಯುವ ಬಲವೊಂದು ಬೇಕು. ನೆಲವು ಮಟ್ಟಸವಾಗಿದ್ದರೆ ಆ ಬಲವನ್ನೆಲ್ಲ ಟೈರಿನ ಘರ್ಷಣೆಯೇ ಒದಗಿಸಬೇಕಾಗುತ್ತದೆ; ಅದು ಸಾಲದೆ ಬಂದರೆ ಸವಾರನು ಹೊರಕ್ಕೆ ಜಾರುತ್ತಾನೆ. ನೆಲವನ್ನು ಒಳಕ್ಕೆ ಓರೆಯಾಗಿಸಿದರೆ ನೆಲದ ಪ್ರತಿಬಲವೇ ಆ ಕೆಲಸದ ಬಹುಪಾಲನ್ನು ಹೊರುತ್ತದೆ. ತಿರುವಿನ ತ್ರಿಜ್ಯ 25 ಮೀಟರ್, ಓರೆ 45 ಡಿಗ್ರಿ ಎಂದಿಟ್ಟುಕೊಂಡರೆ, ಗಂಟೆಗೆ ಸುಮಾರು 56 ಕಿಲೊಮೀಟರ್ ವೇಗದಲ್ಲಿ ಹೋಗುವವನಿಗೆ ಘರ್ಷಣೆಯ ನೆರವೇ ಬೇಡ.

ಈ ಗೋಡೆಯು ಅಪಾಯವನ್ನು ತಪ್ಪಿಸುವುದರ ಜೊತೆಗೆ ಶಕ್ತಿಯ ಉಗ್ರಾಣವೂ ಆಗಿದೆ. ಸ್ಪರ್ಧೆಯ ಮೊದಲ ಸುತ್ತುಗಳಲ್ಲಿ ಸವಾರರು ನಿಧಾನವಾಗಿ ಪಥದ ಮೇಲಂಚಿಗೆ ಏರಿಹೋಗುವುದನ್ನು ಕಾಣಬಹುದು. ಹೀಗೆ ಏರುವಾಗ ಅವರು ಪ್ರಚ್ಛನ್ನ ಶಕ್ತಿಯನ್ನು ಸಂಗ್ರಹಿಸುತ್ತಾರೆ. ಸೆಕೆಂಡಿಗೆ 12 ಮೀಟರ್ ವೇಗದಲ್ಲಿರುವ ಸವಾರನು ನಾಲ್ಕು ಮೀಟರ್ ಎತ್ತರದಿಂದ ಕೆಳಕ್ಕೆ ಧುಮುಕಿದರೆ, ಗಾಳಿಯ ತಡೆಯನ್ನು ಲೆಕ್ಕಿಸದೆ ನೋಡಿದಾಗ, ಪೆಡಲನ್ನು ಒತ್ತದೆಯೇ ಅವನ ವೇಗವು ಸೆಕೆಂಡಿಗೆ ಸುಮಾರು 15 ಮೀಟರಿಗೆ ಏರುತ್ತದೆ. ಎಂದರೆ ಗಂಟೆಗೆ 43 ಕಿಲೊಮೀಟರಿನಿಂದ 54 ಕಿಲೊಮೀಟರಿಗೆ. ಎದುರಾಳಿ ಕೆಳಗಿದ್ದು, ತಾನು ಹಿಂದೆ ಮತ್ತು ಮೇಲೆ ಇರುವ ಸವಾರನ ಕೈಯಲ್ಲಿ ಎರಡು ಆಯುಧಗಳಿವೆ: ಒಂದು ಗಾಳಿಯ ಮರೆ, ಇನ್ನೊಂದು ಗುರುತ್ವ. ಅವನ್ನು ಯಾವ ಕ್ಷಣದಲ್ಲಿ ಪ್ರಯೋಗಿಸಬೇಕೆಂಬುದೇ ಸ್ಪ್ರಿಂಟಿನ ಯುದ್ಧನೀತಿ.

ಹತ್ತು ಸೆಕೆಂಡುಗಳ ಇಂಧನ

ಆ ಕ್ಷಣವನ್ನು ಇಷ್ಟೊಂದು ಎಚ್ಚರದಿಂದ ಆರಿಸಬೇಕಾದುದೇಕೆ? ಉತ್ತರವು ದೇಹದೊಳಗಿದೆ. ನಮ್ಮ ಸ್ನಾಯುಗಳು ಸಂಕೋಚಗೊಳ್ಳಲು ಬೇಕಾದ ಶಕ್ತಿಯು ಎ.ಟಿ.ಪಿ. ಎಂಬ ರಾಸಾಯನಿಕದಿಂದ ಬರುತ್ತದೆ. ಸ್ನಾಯುವಿನಲ್ಲಿ ಇದರ ದಾಸ್ತಾನು ಕೆಲವು ಸೆಕೆಂಡುಗಳಿಗೆ ಮಾತ್ರ ಸಾಕು. ಅದು ಮುಗಿಯುತ್ತ ಬಂದಂತೆ ಕ್ರಿಯಾಟೀನ್ ಫಾಸ್ಫೇಟ್ ಎಂಬ ಇನ್ನೊಂದು ವಸ್ತುವು ಅದನ್ನು ಒಡನೆಯೇ ತುಂಬಿಕೊಡುತ್ತದೆ. ಇವೆರಡಕ್ಕೂ ಆಮ್ಲಜನಕ ಬೇಡ. ಆದುದರಿಂದಲೇ ಶಕ್ತಿಯು ಮಿಂಚಿನಂತೆ ಒದಗುತ್ತದೆ. ಆದರೆ ಪೂರ್ಣ ಬಲದಿಂದ ತುಳಿದಾಗ ಈ ದಾಸ್ತಾನು ಸುಮಾರು ಹತ್ತು ಸೆಕೆಂಡುಗಳಲ್ಲಿ ಬಹುಮಟ್ಟಿಗೆ ಬರಿದಾಗುತ್ತದೆ. ಬಳಿಕ ದೇಹವು ಬೇರೆ ವಿಧಾನಗಳನ್ನು ಅವಲಂಬಿಸಬೇಕಾಗಿ ಬಂದು ಕಾಲುಗಳು ಭಾರವಾಗುತ್ತವೆ.

ಸ್ಪ್ರಿಂಟ್ ಪಂದ್ಯದಲ್ಲಿ ಕಡೆಯ 200 ಮೀಟರುಗಳ ಕಾಲವನ್ನು ಮಾತ್ರ ಅಳೆಯುವುದು ವಾಡಿಕೆ. ಮೊರೆಲೋನರ ದಿನಗಳಲ್ಲಿ ಆ ದೂರಕ್ಕೆ ಹತ್ತು ಹನ್ನೊಂದು ಸೆಕೆಂಡುಗಳು ಹಿಡಿಯುತ್ತಿದ್ದವು. ದೇಹದ ತ್ವರಿತ ಇಂಧನ ಮುಗಿಯುವ ಅವಧಿಯೂ ಹೆಚ್ಚುಕಡಿಮೆ ಅಷ್ಟೇ! ಒಂದು ಸೆಕೆಂಡು ಬೇಗ ಹೊರಟವನಿಗೆ ಗೆರೆಯ ಹತ್ತಿರ ಇಂಧನ ತೀರಿರುತ್ತದೆ. ಒಂದು ಸೆಕೆಂಡು ತಡವಾಗಿ ಹೊರಟವನಿಗೆ ಇಂಧನ ಉಳಿದಿದ್ದರೂ ದೂರ ತೀರಿರುತ್ತದೆ.

ಗೇರು ಒಂದೇ ಆಗಿರುವುದು ಮತ್ತೊಂದು ತೊಡಕು. ಮುಂದಿನ ಹಲ್ಲುಚಕ್ರದಲ್ಲಿ 49, ಹಿಂದಿನದರಲ್ಲಿ 14 ಹಲ್ಲುಗಳಿವೆಯೆನ್ನೋಣ. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ ಮೂರೂವರೆ ಸುತ್ತು ತಿರುಗಿ, ಸೈಕಲ್ಲು ಸುಮಾರು 7.35 ಮೀಟರ್ ಸಾಗುತ್ತದೆ. ಗಂಟೆಗೆ 65 ಕಿಲೊಮೀಟರ್ ವೇಗದಲ್ಲಿ ಕಾಲುಗಳು ನಿಮಿಷಕ್ಕೆ 147 ಸುತ್ತುಗಳನ್ನು ಹಾಕಬೇಕು. ಹಲ್ಲುಗಳನ್ನು ಹೆಚ್ಚಿಸಿದರೆ ಕಾಲಿನ ಗತಿ ಇಳಿಯುತ್ತದೆ, ಆದರೆ ನಿಂತಲ್ಲಿಂದ ವೇಗವೇರುವುದು ಕಷ್ಟವಾಗುತ್ತದೆ. ಯಾವ ಸವಾರನಿಗೆ ಯಾವುದು ಹೊಂದುವುದೆಂಬುದನ್ನು ಸೂತ್ರವೊಂದೇ ಹೇಳಲಾರದು.

ಗೆಲುವಿನ ವರ್ಷಗಳು

ಮೊರೆಲೋನರು 1944ರ ಜುಲೈ 28ರಂದು ಪೂರ್ವ ಫ್ರಾನ್ಸಿನ ಬೂರ್ಗ್-ಆಂ-ಬ್ರೆಸ್ ಎಂಬ ಊರಿನಲ್ಲಿ ಜನಿಸಿದರು. ಅವರಿಗೆ ದೊರೆತ ಗುರು ಲೂಯಿ ಜೆರಾರ್ಡಿನ್. ಈ ಜೆರಾರ್ಡಿನರು ತಾವೇ 1930ರಲ್ಲಿ ಹವ್ಯಾಸಿ ಸವಾರರ ವಿಶ್ವ ಸ್ಪ್ರಿಂಟ್ ಪದವಿಯನ್ನು ಗೆದ್ದವರು. ಗೆದ್ದವನೇ ಗುರುವಾಗುವ ಪರಂಪರೆಯ ಒಂದು ಕೊಂಡಿ ಹೀಗೆ ಮೊದಲೇ ಸಿದ್ಧವಾಗಿತ್ತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

1966ರಲ್ಲಿ ಮೊರೆಲೋನರು ಹವ್ಯಾಸಿಗಳ ವಿಶ್ವ ಪದವಿಯನ್ನು ಮೊದಲ ಸಲ ಗೆದ್ದರು. ಬಳಿಕ 1967, 1969, 1970, 1971, 1973 ಮತ್ತು 1975ರಲ್ಲಿಯೂ ಅದು ಅವರ ಪಾಲಾಯಿತು. ಒಟ್ಟು ಏಳು ಸಲ. 1968ರ ಒಲಿಂಪಿಕ್ ಕ್ರೀಡೆಗಳು ಮೆಕ್ಸಿಕೊ ನಗರದಲ್ಲಿ ನಡೆದವು. ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವ ಆ ನಗರದಲ್ಲಿ ಗಾಳಿಯ ಸಾಂದ್ರತೆ ಐದನೆಯ ಒಂದು ಪಾಲಿನಷ್ಟು ಕಡಿಮೆ. ದೂರದ ಓಟಗಾರರು ಅಲ್ಲಿ ಉಸಿರಿಗಾಗಿ ಬಾಯ್ಬಿಟ್ಟರು. ಆದರೆ ಹತ್ತು ಸೆಕೆಂಡುಗಳ ಸವಾರನಿಗೆ, ನಾವು ಮೇಲೆ ಕಂಡಂತೆ, ಆ ಕ್ಷಣದಲ್ಲಿ ಆಮ್ಲಜನಕದ ಹಂಗು ಕಡಿಮೆ. ತೆಳುವಾದ ಗಾಳಿಯ ಲಾಭವೋ ಪೂರ್ತಿ. ಮೊರೆಲೋನರು ಅಂತಿಮ ಪಂದ್ಯದಲ್ಲಿ ಇಟಲಿಯ ಜೊರ್ದಾನೊ ತುರ್ರಿನಿಯವರನ್ನು ಸೋಲಿಸಿ ಸ್ವರ್ಣ ಪದಕ ಪಡೆದರು. ಇಬ್ಬರು ಒಂದೇ ಸೈಕಲ್ಲನ್ನು ತುಳಿಯುವ ಟ್ಯಾಂಡಮ್ ಸ್ಪರ್ಧೆಯಲ್ಲಿ ಅದೇ ಟ್ರೆಂಟಿನರ ಜೊತೆಗೂಡಿ ಎರಡನೆಯ ಸ್ವರ್ಣವನ್ನೂ ಗಳಿಸಿದರು. 1972ರಲ್ಲಿ ಮ್ಯೂನಿಕ್ ನಗರದಲ್ಲಿ ಆಸ್ಟ್ರೇಲಿಯದ ಜಾನ್ ನಿಕೊಲ್ಸನ್ ಅವರನ್ನು ಮಣಿಸಿ ಸ್ಪ್ರಿಂಟಿನ ಸ್ವರ್ಣವನ್ನು ಉಳಿಸಿಕೊಂಡರು.

1976ರ ಮಾಂಟ್ರಿಯಲ್ ಕ್ರೀಡೆಗಳ ಹೊತ್ತಿಗೆ ಅವರಿಗೆ ಮೂವತ್ತೆರಡು ತುಂಬುವುದರಲ್ಲಿತ್ತು. ಅಂತಿಮ ಪಂದ್ಯದಲ್ಲಿ ಎದುರಾದವರು ಚೆಕೊಸ್ಲೊವಾಕಿಯದ ಆಂಟನ್ ತ್ಕಾಚ್. ಅವರು ಮೊರೆಲೋನರಿಗಿಂತ ಆರೇಳು ವರ್ಷ ಚಿಕ್ಕವರು, 1974ರಲ್ಲಿ ವಿಶ್ವ ಪದವಿಯನ್ನು ಗೆದ್ದಿದ್ದವರು. ಮೂರು ಸವಾರಿಗಳಲ್ಲಿ ಎರಡನ್ನು ಗೆದ್ದವನಿಗೆ ಪದಕ. ಒಂದನ್ನು ಮೊರೆಲೋನ್, ಎರಡನ್ನು ತ್ಕಾಚ್ ಗೆದ್ದರು. ಮೊರೆಲೋನರಿಗೆ ಬೆಳ್ಳಿಯ ಪದಕ ಉಳಿಯಿತು. ಎಷ್ಟೇ ಬಲಿತ ಜಾಣ್ಮೆಗೂ ಸ್ನಾಯುಗಳ ಸಹಕಾರ ಬೇಕು. ತ್ವರಿತವಾಗಿ ಸಂಕೋಚಗೊಳ್ಳುವ ಸ್ನಾಯುತಂತುಗಳು ಯಾರನ್ನೂ ಕಾಯುವುದಿಲ್ಲ. ವಿದ್ಯೆಯು ಪಕ್ವವಾಗುವ ಹೊತ್ತಿಗೆ ಅದನ್ನು ಹೊತ್ತ ದೇಹವು ಇಳಿಮುಖವಾಗುವುದು ಈ ಕ್ರೀಡೆಯ ದುರಂತವೆನ್ನಬಹುದು.

ಕಾಲಿನ ವಿದ್ಯೆ ಮಾತಿಗೆ ಬರುವುದೆಂತು?

ಈ ದುರಂತಕ್ಕೆ ಇರುವ ಮದ್ದು ಒಂದೇ: ವಿದ್ಯೆಯನ್ನು ಬೇರೆ ದೇಹಕ್ಕೆ ದಾಟಿಸುವುದು. ಸ್ಪರ್ಧೆಗಳಿಂದ ನಿವೃತ್ತರಾದ ಮೇಲೆ ಮೊರೆಲೋನರು ಕೈಗೊಂಡುದು ಇದನ್ನೇ. ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿರುವ ಇಯೆರ್ ಎಂಬ ಊರಿನ ವೆಲೊಡ್ರೋಮ್ ಅವರ ಪಾಠಶಾಲೆಯಾಯಿತು.

ಆದರೆ ಬಲ್ಲವರೆಲ್ಲರೂ ಕಲಿಸಬಲ್ಲವರಲ್ಲ. ಸೈಕಲ್ ತುಳಿಯುವಾಗ ಬೀಳದಿರುವುದು ಹೇಗೆಂದು ಚಿಕ್ಕ ತಮ್ಮನಿಗೆ ಮಾತಿನಲ್ಲಿ ವಿವರಿಸಲು ಹೊರಟವರಿಗೆ ಇದರ ಕಷ್ಟ ತಿಳಿದಿದೆ. ಎಡಕ್ಕೆ ವಾಲಿದಾಗ ಹ್ಯಾಂಡಲನ್ನು ಎಡಕ್ಕೇ ತಿರುಗಿಸುತ್ತೇವೆಂಬುದು ತುಳಿಯುವವರಲ್ಲಿ ಹಲವರಿಗೆ ಗೊತ್ತೇ ಇರುವುದಿಲ್ಲ. ಕೈ ಅದನ್ನು ತಾನಾಗಿ ಮಾಡುತ್ತದೆ. ಪುನಃ ಪುನಃ ಅಭ್ಯಾಸವಾದ ಚಲನೆಗಳ ಉಸ್ತುವಾರಿಯಲ್ಲಿ ಮಿದುಳಿನ ಹಿಂಭಾಗದಲ್ಲಿರುವ ಅನುಮಸ್ತಿಷ್ಕದಂಥ ಅಂಗಗಳಿಗೆ ದೊಡ್ಡ ಪಾತ್ರವಿದೆ. ಅಲ್ಲಿಗೆ ಇಳಿದ ವಿದ್ಯೆಯು ಮಾತಿನ ಹಿಡಿತಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ. ಎದುರಾಳಿಯ ಭುಜವು ತುಸು ಬಿಗಿದುದನ್ನು ಕಂಡು ಅವನು ಈಗ ಹೊರಡುತ್ತಾನೆಂದು ಊಹಿಸುವ ಸವಾರನು, ತಾನು ಕಂಡದ್ದೇನೆಂಬುದನ್ನು ತಾನೇ ಹೇಳಲಾರದೆ ಹೋಗಬಹುದು.

ಹಾಗಾದರೆ ತರಬೇತುದಾರನು ಮಾಡುವುದೇನು? ಮೊದಲನೆಯದಾಗಿ, ಅಖಂಡವಾಗಿ ಕಾಣುವ ಸವಾರಿಯನ್ನು ಬಿಡಿ ಬಿಡಿಯಾಗಿ ಒಡೆಯುತ್ತಾನೆ: ಹೊರಡುವ ಕ್ಷಣ, ವೇಗವೇರಿಕೆ, ಗರಿಷ್ಠ ವೇಗ, ಅದನ್ನು ಗೆರೆಯವರೆಗೆ ಉಳಿಸಿಕೊಳ್ಳುವುದು. ಪ್ರತಿಯೊಂದು ಭಾಗವನ್ನೂ ಪ್ರತ್ಯೇಕವಾಗಿ ಅಳೆಯಬಹುದು, ಪ್ರತ್ಯೇಕವಾಗಿ ಅಭ್ಯಾಸ ಮಾಡಿಸಬಹುದು. ಎರಡನೆಯದಾಗಿ, ದೇಹದ ಶಕ್ತಿ ಮರಳಿ ತುಂಬಿಕೊಳ್ಳಲು ಬೇಕಾದ ಬಿಡುವನ್ನು ಲೆಕ್ಕಹಾಕುತ್ತಾನೆ. ಕ್ರಿಯಾಟೀನ್ ಫಾಸ್ಫೇಟಿನ ದಾಸ್ತಾನು ಮತ್ತೆ ತುಂಬಲು ಹಲವು ನಿಮಿಷಗಳು ಬೇಕು. ವಿಶ್ರಾಂತಿ ಸಾಲದೆ ಮತ್ತೆ ತುಳಿದರೆ ಅಭ್ಯಾಸವು ನಿಧಾನವಾಗಿ ತುಳಿಯುವುದನ್ನೇ ಕಲಿಸುತ್ತದೆ. ಆದುದರಿಂದಲೇ ಸ್ಪ್ರಿಂಟ್ ಸವಾರರ ತರಬೇತಿಯನ್ನು ನೋಡಲು ಹೋದವರಿಗೆ ಅವರು ಬಹುಕಾಲ ಸುಮ್ಮನೆ ಕುಳಿತಿರುವಂತೆ ತೋರುತ್ತದೆ. ಮೂರನೆಯದಾಗಿ, ಮಾತಿನಲ್ಲಿ ಹೇಳಲಾಗದುದನ್ನು ಸನ್ನಿವೇಶದ ಮೂಲಕ ಕಲಿಸುತ್ತಾನೆ. ಇಬ್ಬರು ಶಿಷ್ಯರನ್ನು ಪಥಕ್ಕಿಳಿಸಿ, ಒಬ್ಬನನ್ನು ಮುಂದೆ, ಒಬ್ಬನನ್ನು ಹಿಂದೆ ಇರಿಸಿ, ಒಂದೇ ಸಂದಿಗ್ಧವನ್ನು ನೂರು ಸಲ ಒಡ್ಡಿದರೆ ಕಣ್ಣು ತಾನಾಗಿ ಕಲಿಯುತ್ತದೆ. ಗುರುವು ಇಲ್ಲಿ ಉತ್ತರವನ್ನು ಹೇಳಿಕೊಡುವುದಿಲ್ಲ, ಪ್ರಶ್ನೆಯನ್ನು ಸಿದ್ಧಪಡಿಸಿಕೊಡುತ್ತಾನೆ. ಯಾವ ಪ್ರಶ್ನೆಯನ್ನು ಯಾವಾಗ ಒಡ್ಡಬೇಕೆಂಬುದನ್ನು ತಾನೇ ಆ ಸಂದಿಗ್ಧವನ್ನು ಅನುಭವಿಸಿದವನು ಚೆನ್ನಾಗಿ ಬಲ್ಲನು.

ಶಿಷ್ಯೆಯ ಗೆಲುವು

ಮೊರೆಲೋನರ ಶಿಷ್ಯವರ್ಗದಲ್ಲಿ ಅತ್ಯಂತ ಪ್ರಸಿದ್ಧರಾದವರು ಫೆಲಿಸಿಯಾ ಬಲಾಂಜೆ. 1971ರಲ್ಲಿ ಜನಿಸಿದ ಈಕೆ 1992ರ ಬಾರ್ಸಿಲೋನ ಒಲಿಂಪಿಕ್ಸಿನಲ್ಲಿ ಸ್ಪ್ರಿಂಟಿನ ನಾಲ್ಕನೆಯ ಸ್ಥಾನ ಪಡೆದರು. ಪದಕದ ಕಟ್ಟೆಗೆ ಒಂದೇ ಮೆಟ್ಟಿಲು ಕಡಿಮೆ. ಅನೇಕರ ಕಥೆ ಅಲ್ಲಿಗೇ ಮುಗಿಯುತ್ತದೆ. ಬಲಾಂಜೆಯವರ ಕಥೆ ಮುಗಿಯಲಿಲ್ಲ. 1995ರಿಂದ 1999ರವರೆಗೆ ಐದು ವರ್ಷ ಸತತವಾಗಿ ಅವರು ಸ್ಪ್ರಿಂಟ್ ಮತ್ತು 500 ಮೀಟರ್ ಕಾಲಸ್ಪರ್ಧೆ ಎರಡರಲ್ಲಿಯೂ ವಿಶ್ವ ಪದವಿಯನ್ನು ಗೆದ್ದರು. 1996ರ ಅಟ್ಲಾಂಟ ಒಲಿಂಪಿಕ್ಸಿನಲ್ಲಿ ಸ್ಪ್ರಿಂಟಿನ ಸ್ವರ್ಣ, 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಸ್ಪ್ರಿಂಟ್ ಹಾಗೂ 500 ಮೀಟರ್ ಎರಡರ ಸ್ವರ್ಣಗಳೂ ಅವರಿಗೆ ಸಂದವು.

ಗುರುವಿಗೂ ಶಿಷ್ಯೆಗೂ ಒಲಿಂಪಿಕ್ ಸ್ವರ್ಣಗಳು ಮೂರು ಮೂರೇ! ಆದರೆ ಶಿಷ್ಯೆಯು ಗುರುವಿನ ಪಡಿಯಚ್ಚಾಗಿರಲಿಲ್ಲ. 500 ಮೀಟರ್ ಕಾಲಸ್ಪರ್ಧೆಯಲ್ಲಿ ಸವಾರಳು ಒಬ್ಬಳೇ. ಮರೆಯಾಗಿ ನಿಲ್ಲಲು ಎದುರಾಳಿಯ ಬೆನ್ನಿಲ್ಲ, ಯುದ್ಧನೀತಿಗೆ ಅವಕಾಶವಿಲ್ಲ. ನಿಂತಲ್ಲಿಂದ ಹೊರಟು ಕಡೆಯವರೆಗೂ ಗಾಳಿಯನ್ನು ಎದುರಿಸಬೇಕು. ಸಿಡ್ನಿಯಲ್ಲಿ ಬಲಾಂಜೆಯವರು ಇದಕ್ಕೆ ತೆಗೆದುಕೊಂಡುದು 34.140 ಸೆಕೆಂಡು. ನಿಂತಲ್ಲಿಂದ ಹೊರಟುದನ್ನೂ ಸೇರಿಸಿದರೆ ಸರಾಸರಿ ವೇಗ ಗಂಟೆಗೆ 52 ಕಿಲೊಮೀಟರಿಗೂ ಮೀರಿತ್ತು. ಸ್ಪ್ರಿಂಟಿನ ಚಾತುರ್ಯಕ್ಕೆ ಹೆಸರಾದ ಗುರುವು, ಚಾತುರ್ಯವು ಕೆಲಸಕ್ಕೆ ಬಾರದ ಸ್ಪರ್ಧೆಗೂ ಶಿಷ್ಯೆಯನ್ನು ಸಿದ್ಧಪಡಿಸಿದರು. ಒಳ್ಳೆಯ ತರಬೇತುದಾರನು ತನ್ನನ್ನೇ ಮತ್ತೊಮ್ಮೆ ತಯಾರಿಸಲು ಹೋಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಲಂಡನ್ನಿನ ಪಾಠ

ಮುಂದೆ ಮೊರೆಲೋನರು ಚೀನಾ ದೇಶದ ಸ್ಪ್ರಿಂಟ್ ತಂಡಕ್ಕೆ ತರಬೇತುದಾರರಾದರು. ಅಲ್ಲಿಯ ಭಾಷೆ ಬೇರೆ, ಶಿಷ್ಯರು ಬೆಳೆದ ರೀತಿ ಬೇರೆ. ಆದರೆ ಗಾಳಿಯ ತಡೆಯ ನಿಯಮ ಎಲ್ಲ ದೇಶಗಳಲ್ಲಿಯೂ ಒಂದೇ.

2012ರ ಲಂಡನ್ ಒಲಿಂಪಿಕ್ಸಿನಲ್ಲಿ ಮಹಿಳೆಯರ ತಂಡ ಸ್ಪ್ರಿಂಟ್ ಸ್ಪರ್ಧೆಯನ್ನು ಹೊಸದಾಗಿ ಸೇರಿಸಲಾಗಿತ್ತು. ಆಗಿನ ನಿಯಮದಂತೆ ತಂಡದಲ್ಲಿ ಇಬ್ಬರು, ಸುತ್ತುಗಳು ಎರಡು. ಮೊದಲ ಸುತ್ತಿನಲ್ಲಿ ಒಬ್ಬಳು ಮುಂದಿದ್ದು ಗಾಳಿಯನ್ನು ಸೀಳುತ್ತಾಳೆ. ಅವಳ ಮರೆಯಲ್ಲಿ ಶಕ್ತಿಯನ್ನು ಉಳಿಸಿಕೊಂಡ ಎರಡನೆಯವಳು ಕಡೆಯ ಸುತ್ತನ್ನು ಒಬ್ಬಳೇ ಮುಗಿಸುತ್ತಾಳೆ. ಮುಂದಿನವಳು ಪಕ್ಕಕ್ಕೆ ಸರಿಯುವುದು ಗೆರೆಯ ಬಳಿ ಗೊತ್ತುಮಾಡಿದ ಜಾಗದಲ್ಲಿಯೇ ಆಗಬೇಕು. ಬೇಗ ಸರಿದರೆ ನಿಯಮಭಂಗ, ತಡವಾದರೆ ಕಾಲನಷ್ಟ. ಚೀನಾದ ಗೊಂಗ್ ಜಿನ್‌ಜಿಯೆ ಮತ್ತು ಗುವೊ ಶುವಾಂಗ್ ಆ ದಿನ 32.422 ಸೆಕೆಂಡುಗಳ ವಿಶ್ವದಾಖಲೆಯನ್ನು ಸ್ಥಾಪಿಸಿದರು. ಅಂತಿಮ ಪಂದ್ಯದಲ್ಲಿಯೂ ಜರ್ಮನಿಯ ಜೋಡಿಗಿಂತ ಮೊದಲು ಗೆರೆ ಮುಟ್ಟಿದರು. ಆದರೆ ಸ್ಥಾನ ಬದಲಾವಣೆಯಲ್ಲಿ ನಿಯಮ ತಪ್ಪಿತೆಂದು ತೀರ್ಪುಗಾರರು ಅವರನ್ನು ಎರಡನೆಯ ಸ್ಥಾನಕ್ಕೆ ಇಳಿಸಿದರು. ಮೊರೆಲೋನರು ಈ ತೀರ್ಪನ್ನು ಒಪ್ಪಲಿಲ್ಲ. ಆದರೆ ಫಲಿತಾಂಶ ಬದಲಾಗಲಿಲ್ಲ. ಅರ್ಧ ನಿಮಿಷದ ಸವಾರಿಯಲ್ಲಿ ಕಣ್ಣೆವೆ ಮುಚ್ಚಿ ತೆರೆಯುವಷ್ಟರ ವ್ಯತ್ಯಾಸವು ಸ್ವರ್ಣವನ್ನು ಬೆಳ್ಳಿಯಾಗಿಸಿತು. ಸವಾರನಾಗಿದ್ದಾಗ ಸೋಲನ್ನು ತನ್ನ ಕಾಲುಗಳಿಂದ ತಡೆಯಲು ಯತ್ನಿಸಬಹುದಾಗಿತ್ತು. ತರಬೇತುದಾರನಾದ ಮೇಲೆ ಬೇಲಿಯ ಈಚೆ ನಿಂತು ನೋಡುವುದಷ್ಟೇ ಉಳಿಯುತ್ತದೆ.

ನಾಲ್ಕು ವರ್ಷಗಳ ಬಳಿಕ, 2016ರಲ್ಲಿ, ರಿಯೊ ಡಿ ಜನೈರೊ ನಗರದಲ್ಲಿ ಅದೇ ಗೊಂಗ್ ಜಿನ್‌ಜಿಯೆಯವರು ಜೊಂಗ್ ತಿಯನ್‌ಷಿ ಎಂಬ ಹೊಸ ಜೊತೆಗಾತಿಯೊಂದಿಗೆ ಅದೇ ಸ್ಪರ್ಧೆಯನ್ನು ಗೆದ್ದರು. ಸೈಕಲ್ ಸ್ಪರ್ಧೆಗಳಲ್ಲಿ ಚೀನಾಕ್ಕೆ ದೊರೆತ ಮೊದಲನೆಯ ಒಲಿಂಪಿಕ್ ಸ್ವರ್ಣ ಅದು. ಆ ವೇಳೆಗೆ ತರಬೇತಿಯ ಹೊಣೆ ಬೇರೊಬ್ಬರ ಕೈಗೆ ಹೋಗಿತ್ತು.

ಈಗ ನಾವು ಮೊದಲು ಕೇಳಿದ ಪ್ರಶ್ನೆಗೆ ಮರಳಬಹುದು. 1930ರ ವಿಜೇತ ಜೆರಾರ್ಡಿನರಿಂದ ಮೊರೆಲೋನರಿಗೆ, ಮೊರೆಲೋನರಿಂದ ಬಲಾಂಜೆಯವರಿಗೆ, ಅಲ್ಲಿಂದ ದೂರದ ಚೀನಾದ ಸವಾರರಿಗೆ ಈ ಹತ್ತು ಸೆಕೆಂಡುಗಳ ವಿದ್ಯೆ ಸಾಗಿಬಂದಿದೆ. ಪ್ರತಿಯೊಂದು ಹಂತದಲ್ಲಿಯೂ ಒಂದಿಷ್ಟು ನಷ್ಟವಾಗಿರಬೇಕು, ಒಂದಿಷ್ಟು ಹೊಸದೂ ಕೂಡಿರಬೇಕು. ಪ್ರಯೋಗಶಾಲೆಯಲ್ಲಿ ನುರಿತ ಕೈಯೊಂದು ಕಿರಿಯರಿಗೆ ಉಪಕರಣವನ್ನು ಹಿಡಿಯುವ ಬಗೆಯನ್ನು ತೋರಿಸಿಕೊಡುವಾಗಲೂ ನಡೆಯುವುದು ಇದೇ. ಪುಸ್ತಕಗಳಲ್ಲಿ ಬರೆದಿಟ್ಟ ಸೂತ್ರಗಳು ವಿದ್ಯೆಯ ಅರ್ಧಭಾಗ. ಇನ್ನರ್ಧವು ಗುರುವಿನ ಪಕ್ಕದಲ್ಲಿ ನಿಂತೇ ಕಲಿಯಬೇಕಾದುದು. ಮುಂದಿನ ಸಲ ಎದುರುಗಾಳಿಯಲ್ಲಿ ಗೆಳೆಯನೊಡನೆ ಸೈಕಲ್ ತುಳಿಯುವಾಗ ವಾಚಕರು ತುಸು ಹೊತ್ತು ಅವನ ಹಿಂದೆ ಸರಿದು ಗಾಳಿಯ ಭಾರ ಇಳಿಯುವುದನ್ನು ಗಮನಿಸಲಿ. ಆಮೇಲೆ ತಾವು ಮುಂದೆ ಹೋಗಿ ಅವನಿಗೂ ಆ ಮರೆಯನ್ನು ಒದಗಿಸಲಿ.